ಹಳೇ ಕಾರಿನ ವಾಷರ್ ಕೈಕೊಟ್ಟರೆ ಮೊದಲು ಕಿವಿಗೊಡಿ

ಮುಂದೆ ಹೋಗುತ್ತಿದ್ದ ಲಾರಿ ಗುಂಡಿಗೆ ಇಳಿದು ನನ್ನ ಕಾರಿನ ಗಾಜಿಗೆ ಕೆಸರು ಎರಚಿತು. ವಾಷರ್ ಲಿವರ್ ಎಳೆದೆ. ವೈಪರ್ ಆಡಿತು, ನೀರು ಬರಲಿಲ್ಲ. ಅಲ್ಲೊಂದು ಇಲ್ಲೊಂದು ಹನಿಯಾಗಿ ಬಿದ್ದಿದ್ದ ಕೆಸರನ್ನು ವೈಪರ್ ಗಾಜಿನ ತುಂಬ ಚೆನ್ನಾಗಿ ಸಾರಿಸಿಬಿಟ್ಟಿತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಏನೂ ಕಾಣದೆ ಮೂರು ಸೆಕೆಂಡು ಓಡಿಸಿದರೆ 50 ಮೀಟರ್.

ಮರುದಿನವೇ ಹೊಸ ವಾಷರ್ ಮೋಟಾರ್ ತಂದು ಹಾಕಿದೆ. ಬಾನೆಟ್ ತೆರೆದಿಟ್ಟು ನೋಡಿದರೆ ನೀರು ಜೋರಾಗಿ ಚಿಮ್ಮಿತು. ಸರಿಯಾಯಿತು ಎಂದು ಬೀಗಿದೆ. ಬಾನೆಟ್ ಮುಚ್ಚಿ ಹೊರಟೆ, ಮತ್ತೆ ನೀರಿಲ್ಲ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಬಾನೆಟ್ಟಿನ ಕೀಲಿನ ಹತ್ತಿರ ನೀರಿನ ಪೈಪು ತನ್ನ ಕ್ಲಿಪ್ಪಿನಿಂದ ಜಾರಿತ್ತು. ಬಾನೆಟ್ ಎತ್ತಿದರೆ ಪೈಪು ನೆಟ್ಟಗಾಗುತ್ತಿತ್ತು, ಇಳಿಸಿದರೆ ಮಡಚಿಕೊಳ್ಳುತ್ತಿತ್ತು. ಹಳೇ ಮೋಟಾರಿಗೆ ಏನೂ ಆಗಿರಲಿಲ್ಲ. ಅದು ಈಗಲೂ ನನ್ನ ಡಬ್ಬಿಯಲ್ಲಿ ಇದೆ.

ವಾಷರ್ ಕೆಟ್ಟರೆ ಎಲ್ಲರೂ ಮೊದಲು ಮೋಟಾರನ್ನೇ ದೂರುತ್ತಾರೆ. ನಾನು ಈಗ ಮೋಟಾರನ್ನು ಕೊನೆಗೆ ಮುಟ್ಟುತ್ತೇನೆ. ಮೊದಲು ಕೇಳಿಸಿಕೊಳ್ಳುತ್ತೇನೆ, ಆಮೇಲೆ ನೀರಿನ ದಾರಿ ನೋಡುತ್ತೇನೆ, ಆಮೇಲೆ ಕರೆಂಟಿನ ದಾರಿ. ಇಲ್ಲಿ ಬರೆದಿರುವುದೂ ಅದೇ ಕ್ರಮದಲ್ಲಿ. (ವಾಷರ್ ಅಂದರೆ ಇಲ್ಲಿ ಗಾಜಿಗೆ ನೀರು ಚಿಮ್ಮಿಸುವ ವ್ಯವಸ್ಥೆ. ಬೋಲ್ಟಿಗೆ ಹಾಕುವ ಬಿಲ್ಲೆ ಅಲ್ಲ.)

ನೀರು ಹೋಗುವ ದಾರಿ

ಇದು ಬಹಳ ಸರಳ ವ್ಯವಸ್ಥೆ. ಪ್ಲಾಸ್ಟಿಕ್ ಟ್ಯಾಂಕು, ಅದರ ತಳದಲ್ಲಿ ರಬ್ಬರ್ ಗ್ರಾಮೆಟ್ಟಿಗೆ (ತೂತಿನ ಅಂಚಿಗೆ ಕೂರುವ ರಬ್ಬರ್ ಬಳೆ) ಸಿಕ್ಕಿಸಿದ ಪುಟ್ಟ ಮೋಟಾರ್ ಪಂಪ್, ಅಲ್ಲಿಂದ ಸಣ್ಣ ಪೈಪು, ಪೈಪಿನ ನಡುವೆ ನೀರನ್ನು ಒಂದೇ ಕಡೆಗೆ ಬಿಡುವ ಒನ್ ವೇ ವಾಲ್ವ್, ನೀರನ್ನು ಎರಡು ಕಡೆ ಹಂಚುವ ಟೀ ಜಾಯಿಂಟ್, ಕೊನೆಗೆ ಗಾಜಿಗೆ ನೀರು ಚಿಮ್ಮುವ ನಾಜಲ್. ಪಂಪಿನೊಳಗೆ ಒಂದು ಚಿಕ್ಕ ಚಕ್ರ ತಿರುಗಿ ನೀರನ್ನು ತಳ್ಳುತ್ತದೆ. ಈ ಬಗೆಯ ಪಂಪು ಗಾಳಿಯನ್ನು ಎಳೆಯಲಾರದು. ಅದಕ್ಕೇ ಅದನ್ನು ಟ್ಯಾಂಕಿನ ತಳದಲ್ಲಿ, ಸದಾ ನೀರಿನ ಕೆಳಗೇ ಇಟ್ಟಿರುತ್ತಾರೆ.

ತುಂಬಾ ಹಳೆಯ ಕಾರುಗಳಲ್ಲಿ ಬೇರೆ ಬೇರೆ ಏರ್ಪಾಡು ಇರುತ್ತಿತ್ತು. ಕೆಲವಕ್ಕೆ ಕಾಲಲ್ಲಿ ಒತ್ತುವ ರಬ್ಬರ್ ಪಂಪು, ಕೆಲವಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಒತ್ತುವ ಗುಂಡಿ. ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಕಾರುಗಳದ್ದು ಇನ್ನೂ ಮಜಾ. ಸ್ಟೆಪ್ನಿ ಚಕ್ರದ ಗಾಳಿಯೇ ನೀರನ್ನು ತಳ್ಳುತ್ತಿತ್ತು! ಅಂಥ ಕಾರಿನಲ್ಲಿ ನೀರು ಬರದಿದ್ದರೆ ಮೊದಲು ನೋಡಬೇಕಾದ್ದು ಸ್ಟೆಪ್ನಿಯ ಗಾಳಿ. ಆದರೆ ಪೈಪು, ವಾಲ್ವು, ನಾಜಲ್ ವಿಷಯದಲ್ಲಿ ಮುಂದೆ ಹೇಳುವುದೆಲ್ಲ ಅವಕ್ಕೂ ಸಲ್ಲುತ್ತದೆ.

ಲಿವರ್ ಎಳೆದಾಗ ಏನು ಕೇಳಿಸುತ್ತದೆ?

ಎಂಜಿನ್ ಸ್ಟಾರ್ಟ್ ಮಾಡಬೇಡಿ. ಕೀಲಿಯನ್ನು ಆನ್ ಸ್ಥಾನಕ್ಕೆ ಮಾತ್ರ ತಿರುಗಿಸಿ. ಇನ್ನೊಬ್ಬರಿಗೆ ಲಿವರ್ ಎಳೆಯಲು ಹೇಳಿ, ನೀವು ಟ್ಯಾಂಕಿನ ಹತ್ತಿರ ಕಿವಿ ಇಡಿ. ಒಂದು ಎಚ್ಚರ: ಕೀಲಿ ಆನ್ ಇದ್ದಾಗ ರೇಡಿಯೇಟರಿನ ಎಲೆಕ್ಟ್ರಿಕ್ ಫ್ಯಾನ್ ತಾನಾಗಿಯೇ ತಿರುಗಲು ಶುರುವಾಗಬಹುದು. ಕೈ, ಬಟ್ಟೆ ದೂರ ಇರಲಿ.

ಗುಂಯ್ ಎನ್ನುವ ತುಂಬಿದ ಸದ್ದು ಬಂದು ನೀರು ಬರದಿದ್ದರೆ ಪಂಪು ನೀರನ್ನು ತಳ್ಳಲು ಒದ್ದಾಡುತ್ತಿದೆ, ಮುಂದೆ ಎಲ್ಲೋ ಕಟ್ಟಿಕೊಂಡಿದೆ. ಕೀರಲು ದನಿಯಲ್ಲಿ, ಹಗುರಾಗಿ, ಜಾಸ್ತಿ ವೇಗದಲ್ಲಿ ತಿರುಗಿದಂತೆ ಕೇಳಿಸಿದರೆ ಪಂಪಿಗೆ ನೀರೇ ಸಿಗುತ್ತಿಲ್ಲ. ಟ್ಯಾಂಕು ಖಾಲಿ ಇರಬಹುದು, ಇಲ್ಲವೇ ತಳದ ಜಾಲರಿ ಕಟ್ಟಿರಬಹುದು. ಟಕ್ ಎಂದು ಒಂದೇ ಸಲ ಸದ್ದಾಗಿ ನಿಂತರೆ ಕರೆಂಟು ಬರುತ್ತಿದೆ, ಮೋಟಾರ್ ಜಾಮ್ ಆಗಿದೆ. ಏನೂ ಕೇಳಿಸದಿದ್ದರೆ ಕರೆಂಟಿನ ದಾರಿ ಹಿಡಿಯಬೇಕು.

ನೀರಿಲ್ಲದೆ ಪಂಪನ್ನು ಬಹಳ ಹೊತ್ತು ತಿರುಗಿಸಬೇಡಿ. ಅದಕ್ಕೆ ತಂಪು, ಜಾರಿಕೆ ಎರಡೂ ನೀರಿನಿಂದಲೇ. ಪರೀಕ್ಷೆ ಮಾಡುವಾಗ ನಾಲ್ಕೈದು ಸೆಕೆಂಡು ಸಾಕು.

ಇನ್ನೊಂದು ವಿಷಯ, ನಗಬೇಡಿ. ಟ್ಯಾಂಕಿನಲ್ಲಿ ನೀರಿದೆಯೇ ನೋಡಿ. ಹಳೇ ಕಾರುಗಳಲ್ಲಿ ಕೂಲಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ಡಬ್ಬಿ, ವಾಷರ್ ಡಬ್ಬಿ ಎರಡೂ ಒಂದೇ ತರಹ ಮಾಸಿದ ಬಿಳಿ ಪ್ಲಾಸ್ಟಿಕ್. ಕೂಲಂಟ್ ಕಂಡು ‘ಟ್ಯಾಂಕು ತುಂಬಿದೆ’ ಎಂದುಕೊಂಡವರು ಬೇಕಾದಷ್ಟು ಜನ. ವಾಷರ್ ಮುಚ್ಚಳದ ಮೇಲೆ ಗಾಜು ಮತ್ತು ಚಿಮ್ಮುವ ನೀರಿನ ಚಿತ್ರ ಇರುತ್ತದೆ. ಅದು ಅಳಿಸಿಹೋಗಿದ್ದರೆ ಪೈಪು ಹಿಡಿದು ನೋಡಿ: ವಾಷರ್ ಪೈಪು ಪೆನ್ಸಿಲ್ಲಿಗಿಂತ ಸಣ್ಣ, ಕೂಲಂಟ್ ಪೈಪು ದಪ್ಪ.

ಸದ್ದಿದೆ, ನೀರಿಲ್ಲ

ಇಲ್ಲಿ ಒಂದು ತುದಿಯಿಂದ ಶುರು ಮಾಡಬೇಡಿ. ದಾರಿಯನ್ನು ನಡುವೆ ಕತ್ತರಿಸಿ. ಟೀ ಜಾಯಿಂಟಿಗೆ ಬರುವ ಪೈಪನ್ನು ಬಿಚ್ಚಿ, ತುದಿಯನ್ನು ಬಾಟಲಿಗೆ ಇಳಿಸಿ, ಲಿವರ್ ಎಳೆಯಿರಿ. ಬಾಟಲಿಗೆ ನೀರು ಜೋರಾಗಿ ಬಿದ್ದರೆ ಟ್ಯಾಂಕು, ಪಂಪು, ಅಲ್ಲಿಯವರೆಗಿನ ಪೈಪು ಎಲ್ಲ ಚೆನ್ನಾಗಿವೆ. ತೊಂದರೆ ಟೀ ಅಥವಾ ನಾಜಲ್ ಕಡೆ. ನೀರು ಬೀಳದಿದ್ದರೆ ಹಿಂದಕ್ಕೆ ಬನ್ನಿ. ಪೈಪನ್ನು ಪಂಪಿನ ಬಾಯಲ್ಲೇ ಬಿಚ್ಚಿ ಅದೇ ಪರೀಕ್ಷೆ ಮಾಡಿ. ಎರಡು ಸಲ ಬಿಚ್ಚುವಷ್ಟರಲ್ಲಿ ತಪ್ಪು ಎಲ್ಲಿದೆ ಎಂದು ಹೆಚ್ಚುಕಡಿಮೆ ತಿಳಿದುಬಿಡುತ್ತದೆ.

ಪೈಪು ಬಿಚ್ಚುವುದೇ ಒಂದು ಕಲೆ. ಹಳೇ ಪೈಪು ಎಂಜಿನ್ನಿನ ಬಿಸಿಗೆ ಗಟ್ಟಿಯಾಗಿ ಮೂತಿಗೆ ಕಚ್ಚಿಕೊಂಡಿರುತ್ತದೆ. ಎಳೆದರೆ ಪೈಪು ಬರುವುದಿಲ್ಲ, ನಾಜಲಿನ ಪ್ಲಾಸ್ಟಿಕ್ ಮೂತಿಯೇ ಮುರಿದು ಕೈಗೆ ಬರುತ್ತದೆ. ಬಿಸಿ ನೀರಲ್ಲಿ ಅದ್ದಿದ ಬಟ್ಟೆಯನ್ನು ಒಂದು ನಿಮಿಷ ಸುತ್ತಿಡಿ, ಆಮೇಲೆ ತಿರುಚುತ್ತಾ ಬಿಡಿಸಿ. ಆಗಲೂ ಬಾರದಿದ್ದರೆ ಪೈಪಿನ ತುದಿಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆಯಿರಿ. ಒಂದು ಸೆಂಟಿಮೀಟರ್ ಪೈಪು ಹೋದರೆ ಹೋಗಲಿ, ಮೂತಿ ಉಳಿಯಬೇಕು.

ಟೀವರೆಗೆ ನೀರು ಬಂದು ಒಂದು ನಾಜಲ್ ಮಾತ್ರ ಸತ್ತಿದ್ದರೆ ಅದರ ಬಾಯಿ ಕಟ್ಟಿದೆ ಎಂದೇ ಇಟ್ಟುಕೊಳ್ಳಿ. ಕಾರಿಗೆ ಪಾಲಿಶ್ ಹಾಕುವಾಗ ಮೇಣ ತೂತಿಗೆ ತುಂಬಿಕೊಳ್ಳುವುದು ತುಂಬಾ ಸಾಮಾನ್ಯ. ಸಣ್ಣ ಸೂಜಿಯಿಂದ ಮೆಲ್ಲಗೆ ಬಿಡಿಸಿದರೆ ಆಯಿತು. ಕಸ ಒಳಗಿನಿಂದ ಬಂದಿದ್ದರೆ ಮಾತ್ರ ಸೂಜಿ ಹಾಕಿ ಸುಮ್ನೆ ಬಿಡಬೇಡಿ. ತೂತಿಗಿಂತ ದೊಡ್ಡದಾದ ಕಣ ಹೊರಗೆ ಬರಲಾರದೆ ತಾನೇ ಅಲ್ಲಿ ಸಿಕ್ಕಿದ್ದು? ನೀವು ಚುಚ್ಚಿದಾಗ ಅದು ಹಿಂದಕ್ಕೆ ಸರಿಯುತ್ತದೆ, ಮುಂದಿನ ಸಲ ಲಿವರ್ ಎಳೆದಾಗ ಮತ್ತೆ ಬಂದು ಕೂರುತ್ತದೆ. ಪೈಪನ್ನು ನಾಜಲಿನಿಂದ ಬಿಚ್ಚಿ, ನಾಜಲಿನ ಹೊರಬಾಯಿಂದ ಒಳಕ್ಕೆ ಗಾಳಿ ಊದಿ. ಬಂದ ದಾರಿಯಲ್ಲೇ ಕಸ ಹೊರಬೀಳುತ್ತದೆ. ಪೈಪು ಬಿಚ್ಚದೆ ಗಾಳಿ ಊದಿದರೆ ಒತ್ತಡವೆಲ್ಲ ವಾಲ್ವಿನ ಮೇಲೆ ಬೀಳುತ್ತದೆ, ಕಸವೂ ಪೈಪಿನಲ್ಲೇ ಉಳಿಯುತ್ತದೆ. ಸೈಕಲ್ ಪಂಪು ಸಾಕು, ದೊಡ್ಡ ಕಂಪ್ರೆಸರ್ ಬೇಡ.

ತೂತಿನ ಸುತ್ತ ಬಿಳಿ ಪುಡಿ ಕಂಡರೆ ಅದು ಗಡಸು ನೀರಿನ ಸುಣ್ಣ. ನಾಜಲ್ ಕಳಚಿ ಒಂದು ರಾತ್ರಿ ವಿನೆಗರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಶುದ್ಧ ನೀರಲ್ಲಿ ತೊಳೆಯಿರಿ. ವಿನೆಗರಿನ ಹುಳಿ ಸುಣ್ಣವನ್ನು ಕರಗಿಸುತ್ತದೆ.

ಎರಡೂ ನಾಜಲ್ ಸತ್ತಿದ್ದು ಪಂಪಿನ ಬಾಯಲ್ಲಿ ಮಾತ್ರ ನೀರು ಬರುತ್ತಿದ್ದರೆ ನಡುವಿನ ಪೈಪು ನೋಡಿ. ನನ್ನ ಅನುಭವ ಹೇಳಿದೆನಲ್ಲ, ಬಾನೆಟ್ ಕೀಲಿನ ಹತ್ತಿರವೇ ಮೊದಲು ಹುಡುಕಿ. ಪೈಪು ದಿನಾ ಬಾಗಿ ಬಾಗಿ ಮಡಚುವುದೂ ಅಲ್ಲೇ, ಬಿರುಕು ಬಿಡುವುದೂ ಅಲ್ಲೇ. ಬಾನೆಟ್ ಮುಚ್ಚಿಯೂ ಒಮ್ಮೆ ಪರೀಕ್ಷೆ ಮಾಡಿ. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ.

ಬರುತ್ತದೆ, ಆದರೆ ಸರಿಯಾಗಿ ಬರುವುದಿಲ್ಲ

ಪೂರಾ ಕೆಟ್ಟ ವಾಷರಿಗಿಂತ ಅರ್ಧ ಕೆಟ್ಟ ವಾಷರ್ ಜಾಸ್ತಿ ಸತಾಯಿಸುತ್ತದೆ. ಆದರೆ ಅದು ಹೇಗೆ ಕೆಟ್ಟಿದೆ ಎಂಬುದರಲ್ಲೇ ಕಾರಣ ಅಡಗಿರುತ್ತದೆ.

ಲಿವರ್ ಎಳೆದು ಎರಡು ಮೂರು ಸೆಕೆಂಡು ಕಳೆದ ಮೇಲೆ ನೀರು ಬರುತ್ತದೆಯೇ? ಆ ಹೊತ್ತಿಗೆ ವೈಪರ್ ಒಣ ಗಾಜನ್ನು ಉಜ್ಜಿ ಆಗಿರುತ್ತದೆ. ತಪ್ಪು ಒನ್ ವೇ ವಾಲ್ವಿನದು. ಅದು ಚೆನ್ನಾಗಿದ್ದರೆ ಪೈಪಿನ ನೀರನ್ನು ಹಿಂದಕ್ಕೆ ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ಕೆಟ್ಟರೆ ಪ್ರತಿ ಸಲವೂ ಪೈಪಿನ ನೀರು ಟ್ಯಾಂಕಿಗೆ ಇಳಿದುಬಿಡುತ್ತದೆ. ವಾಲ್ವ್ ಬಿಚ್ಚಿ ಬಾಯಿಂದ ಊದಿ ನೋಡಿ (ಮೊದಲು ತೊಳೆದುಕೊಳ್ಳಿ). ಒಂದು ಕಡೆಯಿಂದ ಗಾಳಿ ಹೋಗಬೇಕು, ಇನ್ನೊಂದು ಕಡೆಯಿಂದ ಹೋಗಬಾರದು. ಹೊಸದು ಹಾಕುವಾಗ ಅದರ ಮೇಲಿನ ಬಾಣದ ಗುರುತು ನಾಜಲ್ ಕಡೆಗಿರಲಿ. ಉಲ್ಟಾ ಹಾಕಿ ‘ಹೊಸ ವಾಲ್ವೇ ಸರಿಯಿಲ್ಲ’ ಎಂದು ಬೈದವರೂ ಇದ್ದಾರೆ. ಕೆಲವು ಕಾರುಗಳಲ್ಲಿ ಈ ವಾಲ್ವ್ ಬೇರೆ ಇರುವುದಿಲ್ಲ, ಟೀ ಅಥವಾ ನಾಜಲ್ ಒಳಗೇ ಸೇರಿರುತ್ತದೆ.

ಮೊದಲು ಜೋರಾಗಿ ಬಂದು ಆಮೇಲೆ ಸೊರಗುತ್ತದೆಯೇ? ಟ್ಯಾಂಕಿನ ಮುಚ್ಚಳ ಸಡಿಲಿಸಿ ಮತ್ತೆ ಎಳೆಯಿರಿ. ಈಗ ಸರಿಯಾಗಿ ಬಂದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ನೀರು ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು, ಅಲ್ವಾ? ಬಾರದಿದ್ದರೆ ಟ್ಯಾಂಕೇ ನೀರನ್ನು ಹಿಂದಕ್ಕೆ ಎಳೆಯುತ್ತದೆ. ಸೂಜಿಯಿಂದ ತೂತು ಬಿಡಿಸಿ. ಮುಚ್ಚಳ ಸಡಿಲಿಸಿದರೂ ಹಾಗೇ ಇದ್ದರೆ ಪಂಪಿನ ಬಾಯಿಯ ಜಾಲರಿಗೆ ಪಾಚಿ ಬಂದು ಅಂಟಿಕೊಳ್ಳುತ್ತಿರಬೇಕು.

ಮೊದಲಿನಿಂದ ಕೊನೆವರೆಗೂ ಸೊರಗಿದಂತೇ ಬರುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮೋಟಾರಿಗೆ ಪೂರ್ತಿ ಕರೆಂಟು ಸಿಗುತ್ತಿಲ್ಲ. ಸೋರುವ ಜಾಗ ಸಿಗುವುದು ಲಿವರ್ ಎಳೆದಾಗ ಮಾತ್ರ, ಏಕೆಂದರೆ ಆಗಷ್ಟೇ ಪೈಪಿನಲ್ಲಿ ಒತ್ತಡ ಇರುತ್ತದೆ. ಬೆರಳಿನಿಂದ ಪೈಪಿನ ಉದ್ದಕ್ಕೂ ಸವರುತ್ತಾ ಹೋಗಿ. ಇನ್ನೊಂದು ಕಾರಣವೂ ಉಂಟು. ಯಾರೋ ಮೋಟಾರ್ ಬದಲಿಸುವಾಗ ಅದರ ಎರಡು ವೈರನ್ನು ಅದಲುಬದಲು ಮಾಡಿರಬಹುದು. ಮೋಟಾರ್ ಹಿಂದುಮುಂದಾಗಿ ತಿರುಗುತ್ತದೆ, ಸದ್ದೂ ಸರಿಯಾಗೇ ಇರುತ್ತದೆ, ನೀರು ಮಾತ್ರ ಸೊರಗಿ ಬರುತ್ತದೆ. ಮುಂದಿನ ಮತ್ತು ಹಿಂದಿನ ಗಾಜಿಗೆ ಒಂದೇ ಪಂಪು ಇರುವ ಕಾರುಗಳಲ್ಲಿ ಇದು ಇನ್ನೂ ತಮಾಷೆ. ಅಂಥ ಪಂಪು ಒಂದು ಕಡೆ ತಿರುಗಿದರೆ ಮುಂದಕ್ಕೆ, ಇನ್ನೊಂದು ಕಡೆ ತಿರುಗಿದರೆ ಹಿಂದಕ್ಕೆ ನೀರು ಕಳಿಸುತ್ತದೆ. ವೈರು ಅದಲುಬದಲಾದರೆ ಮುಂದಿನ ಗಾಜು ತೊಳೆಯಲು ಹೋಗಿ ಹಿಂದಿನದು ತೊಳೆಯುತ್ತೀರಿ.

ಕೊನೆಯದಾಗಿ, ಯಾರೂ ಮುಟ್ಟದೆ ನಾಜಲಿನಿಂದ ನೀರು ತೊಟ್ಟಿಕ್ಕುವುದು. ಟ್ಯಾಂಕಿನ ನೀರಿನ ಮಟ್ಟ ನಾಜಲಿಗಿಂತ ಮೇಲಿದ್ದು ವಾಲ್ವ್ ಸಡಿಲವಾಗಿದ್ದರೆ ಹೀಗಾಗುತ್ತದೆ. ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿದ ದಿನ ಅಥವಾ ಇಳಿಜಾರಿನಲ್ಲಿ ನಿಲ್ಲಿಸಿದಾಗ ಮಾತ್ರ ಕಾಣಿಸಿದರೆ ಇದೇ ಕಾರಣ.

ಸದ್ದೇ ಇಲ್ಲದಿದ್ದರೆ

ಫ್ಯೂಸ್ ನೋಡಿ. ಬಹಳಷ್ಟು ಕಾರುಗಳಲ್ಲಿ ವಾಷರಿಗೂ ವೈಪರಿಗೂ ಒಂದೇ ಫ್ಯೂಸು. ವೈಪರ್ ಆಡುತ್ತಿದ್ದರೆ ಫ್ಯೂಸ್ ಬಹುಶಃ ಚೆನ್ನಾಗಿದೆ. ಫ್ಯೂಸ್ ಹೋಗಿದ್ದರೆ ಅದೇ ಅಳತೆಯದನ್ನೇ ಹಾಕಿ. ಮತ್ತೆ ಹೋದರೆ ಮೋಟಾರ್ ಜಾಮ್ ಆಗಿದೆ ಅಥವಾ ವೈರು ಕಾರಿನ ಲೋಹದ ಬಾಡಿಗೆ ತಾಗುತ್ತಿದೆ. ದೊಡ್ಡ ಫ್ಯೂಸ್ ಹಾಕಿ ಪಾರಾಗೋಣ ಅಂದುಕೊಂಡರೆ ಮುಂದೆ ಸುಡುವುದು ವೈರು.

ಆಮೇಲೆ ಮೋಟಾರಿನ ಕನೆಕ್ಟರ್. ಟ್ಯಾಂಕಿನ ತಳದಲ್ಲಿ, ಚಕ್ರದ ಹತ್ತಿರ, ವರ್ಷಗಟ್ಟಲೆ ಕೆಸರು ನೀರಲ್ಲಿ ನೆನೆಯುವ ಜಾಗ ಅದು. ಎಳೆದು ನೋಡಿದರೆ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಸಣ್ಣ ಉಪ್ಪು ಕಾಗದದಿಂದ ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಸಡಿಲವಾದ ಪಿನ್ನುಗಳನ್ನು ಸ್ವಲ್ಪ ಬಿಗಿ ಮಾಡಿ ಮತ್ತೆ ಸಿಕ್ಕಿಸಿ. ಸತ್ತಿದೆ ಎಂದುಕೊಂಡ ಎಷ್ಟೋ ಮೋಟಾರುಗಳು ಇಷ್ಟಕ್ಕೇ ಎದ್ದು ಕೂರುತ್ತವೆ.

ಇಲ್ಲಿ ಟೆಸ್ಟ್ ಲ್ಯಾಂಪ್ ಮತ್ತು ಮಲ್ಟಿಮೀಟರಿನ ಮಾತು ಹೇಳಲೇಬೇಕು. ಕಿಲುಬು ತಿಂದು ಒಂದೇ ಒಂದು ಎಳೆ ಉಳಿದಿರುವ ವೈರಿನಲ್ಲೂ ಮಲ್ಟಿಮೀಟರ್ 12 ವೋಲ್ಟ್ ತೋರಿಸುತ್ತದೆ. ಮೀಟರ್ ಹೆಚ್ಚುಕಡಿಮೆ ಕರೆಂಟೇ ಎಳೆಯುವುದಿಲ್ಲ, ಅದಕ್ಕೆ ಒಂದು ಎಳೆಯೂ ಸಾಕು. ಮೋಟಾರಿಗೆ ಕೆಲವು ಆಂಪಿಯರ್ ಬೇಕು, ಅದಕ್ಕೆ ಸಾಲದು. ಆದ್ದರಿಂದ ಎಲ್‌ಇಡಿ ಅಲ್ಲದ, ಹಳೇ ಕಾಲದ ಬಲ್ಬ್ ಇರುವ ಟೆಸ್ಟ್ ಲ್ಯಾಂಪ್ ಬಳಸಿ. ಕನೆಕ್ಟರಿನ ಎರಡು ಪಿನ್ನುಗಳ ನಡುವೆ ಅದನ್ನು ಹಿಡಿದು ಲಿವರ್ ಎಳೆಯಿರಿ. ಚೆನ್ನಾಗಿ ಉರಿದರೆ ಕರೆಂಟು ಬರುತ್ತಿದೆ, ಮೋಟಾರ್ ಕೆಟ್ಟಿದೆ. ಮಂಕಾಗಿ ಉರಿದರೆ ದಾರಿಯಲ್ಲಿ ಎಲ್ಲೋ ಕಿಲುಬು ಅಥವಾ ಸಡಿಲ ಅರ್ತ್ (ಕರೆಂಟು ಬ್ಯಾಟರಿಗೆ ವಾಪಸಾಗುವ ದಾರಿ). ಮೀಟರೇ ಬಳಸುವುದಾದರೆ ಮೋಟಾರ್ ಸಿಕ್ಕಿಸಿಕೊಂಡೇ, ಲಿವರ್ ಎಳೆದಿರುವಾಗಲೇ ಅಳೆಯಿರಿ. ಮೋಟಾರಿನ ಅರ್ತ್ ಪಿನ್ನಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ಸರಿಯಿಲ್ಲ. ಈ ಅರ್ತ್ ಅಳತೆ ನೇರವಾಗಿ ಬಾಡಿಗೆ ಅರ್ತ್ ಆದ ಕಾರುಗಳಿಗೆ.

ಎರಡು ಪಿನ್ನುಗಳ ನಡುವೆ ಹಿಡಿಯಿರಿ ಎಂದದ್ದು ಸುಮ್ನೆ ಅಲ್ಲ. ಕೆಲವು ಕಾರುಗಳಲ್ಲಿ ಲಿವರ್ ಪಾಸಿಟಿವ್ ಕಡೆಯನ್ನು ಜೋಡಿಸುವುದಿಲ್ಲ, ಅರ್ತ್ ಕಡೆಯನ್ನು ಜೋಡಿಸುತ್ತದೆ. ಅಲ್ಲಿ ಕೀಲಿ ಆನ್ ಮಾಡಿದ ಕೂಡಲೇ ಒಂದು ಪಿನ್ನಿನಲ್ಲಿ ಸದಾ 12 ವೋಲ್ಟ್ ಇರುತ್ತದೆ. ಬಾಡಿಗೆ ಅರ್ತ್ ಹಿಡಿದು ಪರೀಕ್ಷೆ ಮಾಡಿದರೆ ‘ಕರೆಂಟು ಬರುತ್ತಿದೆ, ಮೋಟಾರೇ ಹೋಗಿದೆ’ ಅನ್ನಿಸುತ್ತದೆ. ಕೆಟ್ಟಿರುವುದು ಲಿವರಿನ ಸ್ವಿಚ್ ಇರಬಹುದು.

ಇನ್ನೂ ಅನುಮಾನ ಇದ್ದರೆ ಬ್ಯಾಟರಿಯಿಂದ ಫ್ಯೂಸ್ ಇರುವ ಎರಡು ವೈರು ಎಳೆದು ಮೋಟಾರಿಗೆ ನೇರ ಕರೆಂಟು ಕೊಡಿ. ತಿರುಗಿದರೆ ಮೋಟಾರ್ ನಿರಪರಾಧಿ. ತಿರುಗದಿದ್ದರೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ಎರಡು ಸಲ ತಟ್ಟಿ ಮತ್ತೆ ಕೊಡಿ. ಬಹಳ ದಿನ ನಿಂತ ಕಾರಿನಲ್ಲಿ ಮೋಟಾರ್ ತುಕ್ಕಿಗೆ ಕಚ್ಚಿಕೊಂಡಿರುತ್ತದೆ, ತಟ್ಟಿದರೆ ಬಿಡುತ್ತದೆ. ಹೀಗೆ ಎದ್ದ ಮೋಟಾರನ್ನು ನಂಬಿ ದೂರದ ಪ್ರಯಾಣ ಹೊರಡಬೇಡಿ. ತುಂಬಾ ಹಳೆಯ ಕಾರುಗಳಲ್ಲಿ 6 ವೋಲ್ಟ್ ಬ್ಯಾಟರಿ ಇರಬಹುದು, ಪಾಸಿಟಿವ್ ಅರ್ತ್ (ಬ್ಯಾಟರಿಯ ಪಾಸಿಟಿವ್ ತುದಿಯನ್ನೇ ಬಾಡಿಗೆ ಜೋಡಿಸಿರುವುದು) ಕೂಡ ಇರಬಹುದು. ವೈರು ಹಚ್ಚುವ ಮೊದಲು ಬ್ಯಾಟರಿಯನ್ನೊಮ್ಮೆ ನೋಡಿಕೊಳ್ಳಿ.

ಮೋಟಾರ್ ತೆಗೆಯುವುದು, ಟ್ಯಾಂಕು ತೊಳೆಯುವುದು

ಕೆಳಗೆ ಬಕೆಟ್ ಇಡಿ. ಮೋಟಾರ್ ಎಳೆದ ಕೂಡಲೇ ಟ್ಯಾಂಕಿನ ನೀರೆಲ್ಲ ನಿಮ್ಮ ತೋಳಿನೊಳಗೆ ಇಳಿಯುತ್ತದೆ. ಮೋಟಾರನ್ನು ಸಾಮಾನ್ಯವಾಗಿ ಸ್ಕ್ರೂ ಹಾಕಿ ಕೂರಿಸಿರುವುದಿಲ್ಲ, ಗ್ರಾಮೆಟ್ಟೇ ಹಿಡಿದಿರುತ್ತದೆ. ಆಚೀಚೆ ಅಲ್ಲಾಡಿಸುತ್ತಾ ಎಳೆಯಿರಿ. ತೆಗೆದ ಮೇಲೆ ಗ್ರಾಮೆಟ್ ಒಳಗಿನ ಜಾಲರಿ ನೋಡಿ, ಪಾಚಿ ತುಂಬಿದ್ದರೆ ಹಳೇ ಟೂತ್ ಬ್ರಶ್ಶಿನಿಂದ ತೊಳೆಯಿರಿ. ಗ್ರಾಮೆಟ್ ಗಟ್ಟಿಯಾಗಿ ಬಿರಿದಿದ್ದರೆ ಹೊಸದು ಹಾಕಿ, ಇಲ್ಲದಿದ್ದರೆ ಹೊಸ ಮೋಟಾರೂ ಸೋರುತ್ತದೆ. ಮತ್ತೆ ಕೂರಿಸುವಾಗ ಸೋಪಿನ ನೀರು ಸವರಿದರೆ ಜಾರಿಕೊಂಡು ಹೋಗುತ್ತದೆ. ಗ್ರೀಸ್, ಎಂಜಿನ್ ಆಯಿಲ್ ಬೇಡ, ರಬ್ಬರ್ ಉಬ್ಬಿಕೊಳ್ಳುತ್ತದೆ.

ಟ್ಯಾಂಕು ಬಿರುಕು ಬಿಟ್ಟಿದ್ದರೆ ಸೂಪರ್ ಗ್ಲೂ ಹಚ್ಚಿ ಸಮಯ ಹಾಳುಮಾಡಬೇಡಿ. ಆ ಜಾತಿಯ ಪ್ಲಾಸ್ಟಿಕ್ಕಿಗೆ ಅದು ಅಂಟುವುದಿಲ್ಲ, ಎರಡು ದಿನಕ್ಕೆ ಸಿಪ್ಪೆಯಂತೆ ಏಳುತ್ತದೆ. ಸೋಲ್ಡರಿಂಗ್ ಕಬ್ಬಿಣದಿಂದ ಬಿರುಕಿನ ಅಂಚನ್ನು ಕರಗಿಸಿ ಬೆಸೆಯಬಹುದು. ಗಾಳಿಯಾಡುವ ಜಾಗದಲ್ಲಿ ಮಾಡಿ.

ತೊಳೆದ ಟ್ಯಾಂಕಿಗೆ ಬಟ್ಟೆ ಸೋಪಿನ ಪುಡಿ ಹಾಕುವ ಚಾಳಿ ಇದ್ದರೆ ಬಿಟ್ಟುಬಿಡಿ. ಕರಗದೆ ಉಳಿದ ಪುಡಿ ನೇರ ಜಾಲರಿಗೆ ಹೋಗಿ ಕೂರುತ್ತದೆ. ಬರೀ ನೀರು ಹಾಕಿದರೆ ಪಾಚಿ ಕಟ್ಟುತ್ತದೆ, ರೋಗಾಣುಗಳೂ ಬೆಳೆಯಬಹುದು. ಲೀಜನೇರ್ಸ್ ಎಂಬ ನ್ಯುಮೋನಿಯಾ ಕಾಯಿಲೆಗೂ ವಾಷರಿಗೆ ಬರೀ ನೀರು ಹಾಕುವುದಕ್ಕೂ ನಂಟು ಇರುವುದನ್ನು 2010ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು ಗುರುತಿಸಿತು. ವಾಷರಿಗೆಂದೇ ಸಿಗುವ ದ್ರವವನ್ನು ಶುದ್ಧ ನೀರಿನ ಜೊತೆ ಬೆರೆಸಿ ಹಾಕಿ. ಹಿಮ ಬೀಳುವ ಕಡೆ ಇದ್ದರೆ ಹೆಪ್ಪುಗಟ್ಟದ ದ್ರವವೇ ಬೇಕು. ನೀರು ಮಂಜುಗಡ್ಡೆಯಾದಾಗ ಸುಮಾರು 9 ಶೇಕಡ ಹಿಗ್ಗುತ್ತದೆ, ಪಂಪು ಒಡೆಯಲು ಅಷ್ಟು ಸಾಕು.

ನಾಜಲಿನ ಗುರಿ

ಎಲ್ಲ ಸರಿಯಾದ ಮೇಲೆ ನೀರು ಗಾಜು ಬಿಟ್ಟು ಕಾರಿನ ಚಾವಣಿಗೆ ಹೋಗುತ್ತಿದ್ದರೆ ಏನು ಬಂತು? ಹಳೇ ಕಾರುಗಳ ನಾಜಲಿನಲ್ಲಿ ತೂತು ಕೊರೆದ ಒಂದು ಪುಟ್ಟ ಗುಂಡು ಇರುತ್ತದೆ. ತೂತಿಗೆ ಗುಂಡುಸೂಜಿ ತೂರಿಸಿ ಬೇಕಾದ ಕಡೆ ಹೊರಳಿಸಬಹುದು. ಸೂಜಿ ಸಣ್ಣದಿರಲಿ. ದಪ್ಪನೆಯದನ್ನು ತುರುಕಿದರೆ ತೂತು ದೊಡ್ಡದಾಗಿ ನೀರು ಚಿಮ್ಮುವ ಬದಲು ಸುರಿಯುತ್ತದೆ. ಗುಂಡು ಕಚ್ಚಿಕೊಂಡಿದ್ದರೆ ಬಲ ಹಾಕಬೇಡಿ, ಸೂಜಿ ಒಳಗೇ ಮುರಿದರೆ ನಾಜಲ್ ಕಥೆ ಮುಗಿಯಿತು. ಬಿಸಿ ನೀರು ಸುರಿದು ಮತ್ತೆ ನೋಡಿ. ಬೀಸಣಿಗೆಯಂತೆ ಹರಡಿ ಚಿಮ್ಮುವ ನಾಜಲುಗಳಿಗೆ ಮಾತ್ರ ಸೂಜಿ ಹಾಕಲೇಬೇಡಿ. ಅವುಗಳ ಒಳಗಿನ ಆಕಾರವೇ ನೀರನ್ನು ಹರಡುವುದು, ಗೀಚಿದರೆ ಕೆಡುತ್ತದೆ.

ಗಾಜಿನ ಮೇಲೆ ಗುರಿಯ ಜಾಗಕ್ಕೆ ಟೇಪಿನ ಚೂರು ಅಂಟಿಸಿಕೊಂಡರೆ ಕೆಲಸ ಸುಲಭ. ಎರಡು ನಾಜಲ್ ಇದ್ದರೆ ಒಂದೊಂದು ವೈಪರ್ ಓಡಾಡುವ ಜಾಗದ ನಡುವಿಗೆ ಒಂದೊಂದು ಟೇಪು, ಎತ್ತರದಲ್ಲಿ ಅರ್ಧಕ್ಕಿಂತ ತುಸು ಮೇಲೆ. ನಿಂತ ಕಾರಿನಲ್ಲಿ ಇದು ಸ್ವಲ್ಪ ಜಾಸ್ತಿಯೇ ಮೇಲಾಯಿತು ಅನ್ನಿಸುತ್ತದೆ. ಓಡುವಾಗ ಎದುರು ಗಾಳಿ ನೀರಿನ ಎಳೆಯನ್ನು ಗಾಜಿನ ಕಡೆಗೆ ಬಗ್ಗಿಸಿ ಕೆಳಗೆ ಬೀಳಿಸುತ್ತದೆ. ನಿಂತಾಗ ಸರಿಯಾಗಿ ನಡುವಿಗೆ ಇಟ್ಟರೆ ಹೆದ್ದಾರಿಯಲ್ಲಿ ನೀರು ವೈಪರಿನ ಬುಡಕ್ಕೆ ಬೀಳುತ್ತದೆ.

ಒಂದು ಸಲಕ್ಕೆ ಒಂದೇ ನಾಜಲ್ ಹೊಂದಿಸಿ, ಕೂದಲೆಳೆಯಷ್ಟೇ ಹೊರಳಿಸಿ, ಲಿವರ್ ಎಳೆದು ನೋಡಿ. ಟೇಪು ಕಿತ್ತು, ಬಾನೆಟ್ ಮುಚ್ಚಿ, ಹಿಂದೆ ಮುಂದೆ ಗಾಡಿಗಳಿಲ್ಲದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಆ ವೇಗದಲ್ಲೂ ನೀರು ಕಣ್ಣಳತೆಯ ಎತ್ತರದಲ್ಲಿ ಬಿದ್ದು, ವೈಪರ್ ಅದನ್ನು ಒಂದೇ ಏಟಿಗೆ ಒಯ್ದರೆ ಸೂಜಿಯನ್ನು ಡಬ್ಬಿಗೆ ಹಾಕಿ. ಇನ್ನೂ ಚಾವಣಿಗೆ ಹಾರುತ್ತಿದ್ದರೆ ಮತ್ತೆ ಕೂದಲೆಳೆಯಷ್ಟು ಕೆಳಗೆ.